ಕಲ್ಲು, ಎಲುಬು, ವಂಶವಾಹಿ: ಕೃಷ್ಣೆಯ ಎಡದಂಡೆಯ ಆದಿಮಾನವ ಮತ್ತು ‘ಪೂರ್ವಜ’ರ ಪ್ರಶ್ನೆ

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಪರಿಸರದ ಚರಿತ್ರೆಯನ್ನು ರಚಿಸಹೊರಟವರು ಪ್ರಾಗಿತಿಹಾಸ ಕಾಲಕ್ಕೆ ಬಂದಾಗ ನೆರೆಯ ಹುಣಸಗಿ–ಬೈಚಬಾಳ ಕಣಿವೆಯನ್ನು ನೋಡಲೇಬೇಕಾಗುತ್ತದೆ. ಮುದ್ದೇಬಿಹಾಳದ ಪೂರ್ವಕ್ಕೆ, ಈಗಿನ ಯಾದಗಿರಿ ಜಿಲ್ಲೆಯಲ್ಲಿರುವ ಈ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಕ್ಷೇತ್ರಕಾರ್ಯ ನಡೆಸಿದರು. ಅಲ್ಲಿನ ಇಸಾಂಪುರದ ನೆಲೆಯನ್ನು ಕುರಿತು ‘12 ಲಕ್ಷ ವರ್ಷಗಳ ಹಿಂದೆ ನಮ್ಮ ಪೂರ್ವಜರು ಇಲ್ಲಿದ್ದರು’ ಎಂದು ಬರೆದುಬಿಡುವುದು ಸುಲಭ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡಿಕೊಂಡಿದ್ದಾರೆ. ಕಾಲನಿರ್ಣಯಕ್ಕೆ ಒದಗಿದುದು ಅಲ್ಲಿಯೇ ದೊರೆತ ಪ್ರಾಣಿಗಳ ಹಲ್ಲಿನ ದಂತಕವಚ. ಅದರಿಂದ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ಸೂಚಿತವಾಯಿತು. ಆದರೆ ಕೊಡಲಿ ಮಾಡಿದವರ ಎಲುಬು ಅಲ್ಲಿ ದೊರೆತಿಲ್ಲ. ಭಾರತದಲ್ಲಿ ಅಂಥ ಪ್ರಾಚೀನ ಮಾನವನ ತಲೆಬುರುಡೆಯ ಭಾಗ ಸಿಕ್ಕಿದ್ದು 1982ರಲ್ಲಿ, ಮಧ್ಯಪ್ರದೇಶದ ನರ್ಮದಾ ತೀರದ ಹತ್ನೋರಾದಲ್ಲಿ. ಶೋಧಿಸಿದವರು ಅರುಣ್ ಸೋನಾಕಿಯಾ. ಅದು ಯಾವ ಪ್ರಭೇದಕ್ಕೆ ಸೇರಿದ್ದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇನ್ನು ನಮ್ಮದೇ ಪ್ರಭೇದದ ಅತ್ಯಂತ ಹಳೆಯ ಪಳೆಯುಳಿಕೆಗಳೆಂದು ಪರಿಗಣಿತವಾದ, ಮೊರೊಕ್ಕೊದ ಜೆಬೆಲ್ ಇರ್‌ಹೂದ್‌ನ ಅವಶೇಷಗಳ ಕಾಲ ಸುಮಾರು 3 ಲಕ್ಷ ವರ್ಷ. ಆಫ್ರಿಕದ ಹೊರಗಿರುವ ಇಂದಿನ ಜನರ ವಂಶವಾಹಿಗಳ ಬಹುಪಾಲು, ಸುಮಾರು 50ರಿಂದ 70 ಸಾವಿರ ವರ್ಷಗಳ ಹಿಂದೆ ಆ ಖಂಡದಿಂದ ಹೊರಟವರಿಂದ ಬಂದುದು. ನಿಯಾಂಡರ್ತಾಲರಿಂದ ಬಂದ ಪಾಲು ಶೇ. 2ರಷ್ಟು ಮಾತ್ರ. ಆದ್ದರಿಂದ ಇಸಾಂಪುರದ ಶಿಲ್ಪಿಗಳು ಈ ನೆಲದ ಪ್ರಾಚೀನರು ಎನ್ನಬಹುದೇ ಹೊರತು, ಇಂದಿನ ನಿವಾಸಿಗಳ ನೇರ ಪೂರ್ವಜರೆನ್ನಲು ಆಧಾರವಿಲ್ಲ.

ಜಾನಪದ ಅಧ್ಯಯನಕ್ಕೆ ಈ ವಿವೇಚನೆ ಅಗತ್ಯವಾದುದು. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತು, ಬಂಡಿಗಳೊಡನೆ ಊರೂರಿಗೆ ಬಂದು ಮನೆತನಗಳ ವಂಶಾವಳಿಯನ್ನು ಒಪ್ಪಿಸುತ್ತಾರೆ. ಅವರು ಹಿಡಿದಿಡುವುದು ತಂದೆಯ ಸಾಲನ್ನು. ಮೈಟೊಕಾಂಡ್ರಿಯದ ವಂಶವಾಹಿ ತಿಳಿಸುವುದು ತಾಯಿಯ ಸಾಲನ್ನು. ಒಂದು ಸಮುದಾಯದ ಸ್ಮೃತಿ, ಇನ್ನೊಂದು ದೇಹದ ದಾಖಲೆ. ಇವುಗಳಲ್ಲಿ ಒಂದನ್ನು ಇನ್ನೊಂದಕ್ಕೆ ರುಜುವಾತಾಗಿ ಬಳಸಲಾಗದು.

ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಪಾಲ್ಗೊಂಡು 2013ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇಲ್ಲಿ ಗಮನಾರ್ಹ. ಅದರ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಭಾರತದ ಜನಸಮುದಾಯಗಳು ವ್ಯಾಪಕವಾಗಿ ಬೆರೆತಿದ್ದವು. ಒಳಬಾಂಧವ್ಯದ ವಿವಾಹಪದ್ಧತಿ ಬಿಗಿಯಾದುದು ಅನಂತರ. ಹುಟ್ಟಿನಿಂದ ಬರುವ ಮೇಲುಕೀಳನ್ನು ನಿರಾಕರಿಸಿದ ಬಸವಣ್ಣನವರ ಜನ್ಮಸ್ಥಳದ ಚರಿತ್ರೆಯಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ. ಶರಣರ ವಿಚಾರಕ್ಕೆ ವಂಶವಾಹಿಯ ಸಾಕ್ಷ್ಯ ಬೇಕಿಲ್ಲ. ಆದರೆ ಕುಲಭೇದ ಅನಾದಿಯೆಂದು ವಾದಿಸುವವರಿಗೆ ಈ ಸಾಕ್ಷ್ಯದ ಬೆಂಬಲವಿಲ್ಲ.

ಒಟ್ಟಾರೆ, ಕಲ್ಲು ವಾಸವನ್ನು ಹೇಳುತ್ತದೆ, ಎಲುಬು ಪ್ರಭೇದವನ್ನು, ವಂಶವಾಹಿ ಸಂಬಂಧವನ್ನು. ಈ ಮೂರರ ಎಲ್ಲೆಗಳನ್ನು ಅರಿತು ಬರೆದರೆ ಸ್ಥಳೀಯ ಚರಿತ್ರೆಯು ಅಭಿಮಾನದ ಹೇಳಿಕೆಯಾಗದೆ ಶಾಸ್ತ್ರವಾಗುತ್ತದೆ.