‘ಕಮ್ಯುನಲ್’ ಎಂಬ ಪದ, ನಮ್ಮ ‘ಕೋಮು’

‘ಕೋಮು ಗಲಭೆ’, ‘ಕೋಮು ದ್ವೇಷ’ ಎಂಬ ಮಾತುಗಳನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇರುತ್ತೇವೆ. ಇಂಗ್ಲಿಷಿನ ‘ಕಮ್ಯುನಲ್’ ಪದಕ್ಕೆ ಕನ್ನಡ ಕಂಡುಕೊಂಡ ರೂಪವಿದು. ಆದರೆ ಇಂಗ್ಲೆಂಡಿನಲ್ಲಿ ಆ ಪದಕ್ಕೆ ಇಂಥ ಕೆಟ್ಟ ಹೆಸರಿಲ್ಲ. ಹಲವರು ಕೂಡಿ ಬಳಸುವ ಅಡುಗೆಮನೆ ಅಲ್ಲಿ ‘ಕಮ್ಯುನಲ್’; ಎಲ್ಲರಿಗೂ ಸೇರಿದ ತೋಟವೂ ‘ಕಮ್ಯುನಲ್’. ಎಲ್ಲರಿಗೂ ಸಮಾನವಾದುದು ಎಂಬ ಅರ್ಥದ ಲ್ಯಾಟಿನ್ ಪದವೇ ಅದರ ಮೂಲ. ಕೂಡಿಸುವ ಪದ ನಮ್ಮಲ್ಲಿ ಒಡೆಯುವ ಪದವಾದದ್ದು ಹೇಗೆ?

ಉತ್ತರ ವಸಾಹತು ಆಡಳಿತದ ಇತಿಹಾಸದಲ್ಲಿದೆ. ಬ್ರಿಟಿಷರು ನಮ್ಮ ಸಮಾಜವನ್ನು ಧರ್ಮ, ಜಾತಿಗಳ ಗುಂಪುಗಳಾಗಿ ಕಂಡರು. ಜನಗಣತಿಯಲ್ಲಿ ಹಾಗೆಯೇ ಎಣಿಸಿದರು. 1909ರ ಮಾರ್ಲೆ-ಮಿಂಟೋ ಸುಧಾರಣೆ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅದನ್ನು ದಲಿತರಿಗೂ ವಿಸ್ತರಿಸಿದಾಗ ಆ ತೀರ್ಮಾನ ‘ಕಮ್ಯುನಲ್ ಅವಾರ್ಡ್’ ಎನಿಸಿಕೊಂಡಿತು. ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ರಾಷ್ಟ್ರೀಯ ಚಳವಳಿ ಬೆಳೆದಂತೆ ‘ಕಮ್ಯುನಲ್’ ಎಂಬುದು ‘ರಾಷ್ಟ್ರೀಯ’ ಎಂಬುದಕ್ಕೆ ಎದುರು ಪದವಾಗಿ ನಿಂತಿತು.

ಆದರೆ ಈ ಪದಕ್ಕೆ ಇನ್ನೊಂದು ಮುಖವೂ ಇತ್ತು. ಅಂದು ದಕ್ಷಿಣ ಕನ್ನಡವನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತದಲ್ಲಿ ನೌಕರಿ ಮತ್ತು ಕಾಲೇಜು ಸೀಟುಗಳನ್ನು ಸಮುದಾಯವಾರು ಹಂಚಿದ ಆದೇಶವನ್ನು ಜನ ‘ಕಮ್ಯುನಲ್ ಜಿ.ಓ.’ ಎಂದೇ ಕರೆದರು. ಅದು ಬೇಡಿದ್ದು ಜಗಳವನ್ನಲ್ಲ, ಪಾಲನ್ನು. 1951ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಬಂದು, 15(4)ನೇ ವಿಧಿಯ ಮೂಲಕ ಹಿಂದುಳಿದವರ ಮೀಸಲಾತಿಗೆ ದಾರಿಯಾಯಿತು.

ಇನ್ನು ನಮ್ಮ ‘ಕೋಮು’. ಇದು ಅರಬಿಯ ‘ಖೌಮ್’, ಅರ್ಥ, ಜನಸಮೂಹ. ಕುರ್‌ಆನಿನಲ್ಲಿ ಪ್ರವಾದಿಗಳು ತಮ್ಮ ಜನರನ್ನು, ತಮ್ಮನ್ನು ತಿರಸ್ಕರಿಸಿದವರನ್ನೂ ಸಹ, ಕರೆಯುವುದು ಈ ಪದದಿಂದಲೇ. ಉರ್ದುವಿನಲ್ಲಿ ‘ಖೌಮಿ ಏಕ್ತಾ’ ಎಂದರೆ ರಾಷ್ಟ್ರೀಯ ಏಕತೆ! ಕನ್ನಡದಲ್ಲೂ ‘ಹಿಂದುಳಿದ ಕೋಮುಗಳು’ ಎಂದಾಗ ಅದು ಸಮುದಾಯವೆಂಬ ಸರಳ ಅರ್ಥವನ್ನೇ ಕೊಡುತ್ತದೆ.

ಇಂದು ವರದಿಗಳಲ್ಲಿ ‘ಅನ್ಯಕೋಮಿನ ಯುವಕ’ ಎಂದು ಬರೆದರೆ ಹೆಸರು ಹೇಳದೆಯೂ ಓದುಗನಿಗೆ ಗುರುತು ಸಿಗುತ್ತದೆ. ಅನ್ಯ, ಯಾರಿಗೆ? ಆ ವರದಿಯನ್ನು ಓದುವವರಲ್ಲಿ ಆ ಯುವಕನ ಮನೆಯವರೂ ಇರುತ್ತಾರೆ. ಪದಗಳ ಅರ್ಥವನ್ನು ಬದಲಿಸಿದ್ದು ಇತಿಹಾಸವಾದರೂ ಅವನ್ನು ದಿನವೂ ಬಳಸುವವರು ನಾವು. ಬರೆಯುವ ಮುನ್ನ ಒಮ್ಮೆ ಯೋಚಿಸುವುದು ನಮ್ಮ ಕೈಯಲ್ಲೇ ಇದೆ.