ಸೈಕಲ್ಲಿನಿಂದ ಎಲ್ಲಿ ಇಳೀಬೇಕಿತ್ತು?



ನಿನ್ನೆ ಗೋಕಾಕ ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಕುಡೀತಾ ನಿಂತಿದ್ದೆ. ಇಬ್ಬರು ಹುಡುಗರು ಗೇರ್ ಸೈಕಲ್ ಬಗ್ಗೆ ವಾದ ಮಾಡ್ತಿದ್ರು. ಯಾವುದು ಹಗುರ, ಯಾವುದು ಏರಿನಾಗ ಚಲೋ ಅಂತ. ಕೇಳ್ತಾ ಕೇಳ್ತಾ ನಾನು ಹೊಡೆದ ಸೈಕಲ್ಲುಗಳೆಲ್ಲ ನೆನಪಾದವು. ಆದರೆ ನಮ್ಮ ಕೇರಿಯವರ ಲೆಕ್ಕದಾಗ ಇನ್ನೊಂದು ಅಂಶ ಇರ್ತಿತ್ತು: ಎಷ್ಟು ಬೇಗ ಇಳೀಬಹುದು?

ಮೊದಲನೇದು ಅಪ್ಪನ ಹರ್ಕ್ಯುಲಿಸ್. ಮದ್ರಾಸಿನ ಟಿಐ ಸೈಕಲ್ಸ್ ಕಂಪನಿ 1949ರಲ್ಲಿ ಶುರುವಾದದ್ದು, ಅವರದೇ ಸೈಕಲ್ಲು. 28 ಇಂಚಿನ ಗಾಲಿ, ಅಗಲ ಹ್ಯಾಂಡಲ್, ಕಬ್ಬಿಣದ ಸರಳಿನ ಬ್ರೇಕು. ನೆಟ್ಟಗಿನ ದಾರಿಯಲ್ಲಿ ಹಳೇ ಎತ್ತಿನ ಹಂಗ ತಾನೇ ದಾರಿ ಹಿಡೀತಿತ್ತು. ಕ್ಯಾರಿಯರ್ ಮೇಲೆ ಜೋಳದ ಚೀಲ ಹೇರಿದರೆ ಇನ್ನೂ ಗಟ್ಟಿ ನಿಲ್ತಿತ್ತು. ಗೋಕಾಕ ಫಾಲ್ಸ್ ಏರಿನಾಗ ಮಾತ್ರ ಇಳಿದು ತಳ್ಳೋದೇ.

ಆ ಬ್ರೇಕು ನಿಧಾನ ಹಿಡಿಯೋದು. ದಾರಿಯಲ್ಲಿ ಒಂದು ಹಳ್ಳಿ, ಹೆಸರು ಬ್ಯಾಡ. ಅಲ್ಲಿ ಚಾವಡಿ ಮುಂದೆ ನಮ್ಮವರು ಸೈಕಲ್ ಮೇಲೆ ಕೂತು ಹೋಗುವಂಗಿರಲಿಲ್ಲ. ಬೇವಿನ ಗಿಡ ಕಾಣ್ತಿದ್ದಂಗ ಅಪ್ಪ ಬ್ರೇಕ್ ಒತ್ತುತ್ತಿದ್ದ. ಇಳಿದು, ಚಪ್ಪಲಿ ಕಳಚಿ ಹ್ಯಾಂಡಲ್‌ಗೆ ಸಿಗಿಸಿ, ತಳ್ಳಿಕೊಂಡು ದಾಟೋದು. ಒಂದು ಸಲ ಮಳೆಯಾಗ ರಿಮ್ಮು ತೊಯ್ದು ಬ್ರೇಕ್ ಹಿಡೀಲಿಲ್ಲ. ಸೈಕಲ್ಲು ಚಾವಡಿ ದಾಟೇ ನಿಂತಿತು. ನಾನು ಹಿಂದೆ ಕ್ಯಾರಿಯರ್ ಮೇಲೆ. ಅಪ್ಪ ಹೊಳ್ಳಿ ಬಂದು ಕೈ ಮುಗಿದು, "ಬ್ರೇಕ್ ಹತ್ತಲಿಲ್ರಿ ಯಪ್ಪಾ, ತಪ್ಪಾತು" ಅಂದ. ಸಂವಿಧಾನದ 17ನೇ ವಿಧಿ ಜಾರಿಯಾಗಿ ಆಗಲೇ ಮೂವತ್ತು ವರ್ಷ ಆಗಿತ್ತು.

ಮೂಡಲಗಿ ಕಡೆ ದೊಡ್ಡಪ್ಪಂದು ಅಟ್ಲಾಸ್. ಸೋನಿಪತ್‌ದಿಂದ ಬರುತ್ತಿದ್ದ ಸೈಕಲ್ಲು, ಹರ್ಕ್ಯುಲಿಸ್‌ಕಿಂತ ಸ್ವಲ್ಪ ಸಲೀಸು ಅಂತ ನನ್ನ ಕಾಲಿಗೆ ನೆನಪು. ಆದರೆ ಎರಿಭೂಮಿಯಾಗ ಮಳೆ ಬಿದ್ದರೆ ಯಾವ ಕಂಪನಿಯದಾದರೇನು? ಮಡ್ಗಾರ್ಡ್ ತುಂಬ ಮಣ್ಣು ಮೆತ್ತಿ ಗಾಲಿ ತಿರುಗ್ತಿರಲಿಲ್ಲ. ಕಡ್ಡಿ ಹಾಕಿ ಕೆದರಬೇಕು, ಇಲ್ಲಾ ಹೆಗಲ ಮೇಲೆ ಹೊರಬೇಕು. ಹುಕ್ಕೇರಿಯಲ್ಲಿ ಸೋದರಮಾವನ ಮನೆಗೆ ಹೋದಾಗ ತಾಸಿನ ಬಾಡಿಗೆಯ ಹೀರೋ. ಸೀಟು ಮುಟ್ಟದೆ ಒಳಪೆಡಲ್ ಹೊಡೆದೇ ಕಲಿತದ್ದು. ಸೈಕಲ್ಲು ಒಂದು ಕಡೆ, ಮೈ ಒಂದು ಕಡೆ! ಮೊಣಕಾಲ ಗಾಯದ ಗುರುತು ಇನ್ನೂ ಐತಿ.

ಕಾಲೇಜಿಗೆ ಬಂದಾಗ ಗೆಳೆಯನ ಬಿಎಸ್‌ಎ ಎಸ್‌ಎಲ್‌ಆರ್ ಸಿಕ್ಕಿತು. ತೆಳ್ಳನ ಟೈರು, ಕೇಬಲ್ ಬ್ರೇಕು. ಹ್ಯಾಂಡಲ್ ಸ್ವಲ್ಪ ಅಂದರೆ ಸಾಕು ಹೊಳ್ಳೋದು. ಹರ್ಕ್ಯುಲಿಸ್‌ಗೆ ರೂಢಿಯಾದ ಕೈಗೆ ಮೊದಲ ದಿನ ಹೆದರಿಕೆ, ಗಟಾರಕ್ಕೆ ಹೋಗ್ತೀನೇನೋ ಅಂತ. ಆ ಹೊತ್ತಿಗೆ ಸಂಘಟನೆಯ ಅಣ್ಣಂದಿರು ಕಾನ್ಶಿರಾಂ ಸಾಹೇಬರ 1983ರ ಸೈಕಲ್ ಯಾತ್ರೆಯ ಕಥೆ ಹೇಳ್ತಿದ್ರು. ಡಿಎಸ್-4 ಕಾರ್ಯಕರ್ತರು ಉತ್ತರದ ರಾಜ್ಯಗಳಲ್ಲಿ ಸಾವಿರಾರು ಕಿಲೋಮೀಟರ್ ಸೈಕಲ್ ತುಳಿದದ್ದು. ಅದನ್ನ ಕೇಳಿದ ಮರುವಾರ ಬೇವಿನ ಗಿಡ ಬಂತು, ನಾನು ಬ್ರೇಕ್ ಒತ್ತಲಿಲ್ಲ. ಹಿಂದಿನಿಂದ "ಯಾರ ಮಗನಲೇ ಅಂವ?" ಅಂತ ಕೂಗಿದ್ದು ಕೇಳಿಸ್ತು. ಹಗುರ ಸೈಕಲ್ಲಿನ ಲಾಭ ಅವತ್ತು ತಿಳೀತು. ಮನೆಗೆ ಬಂದ ಮೇಲೆ ಬೈದದ್ದು ಅವರಲ್ಲ, ಅಪ್ಪ. ಎರಡು ದಿನ ಮಾತಾಡಲಿಲ್ಲ.

ಇದೆಲ್ಲ ಹಳೇ ಕಥೆ ಅನ್ನೋರಿಗೆ ಒಂದು ಮಾತು. ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದಕ್ಕೆ ತಂದ ತಿದ್ದುಪಡಿ ಜಾರಿಯಾದದ್ದು 2016ರ ಜನವರಿ 26ಕ್ಕೆ. ಸಾರ್ವಜನಿಕ ಜಾಗದಲ್ಲಿ ದಲಿತರು ಸೈಕಲ್, ಮೋಟರ್‌ಸೈಕಲ್ ಹತ್ತೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ಉಡೋದನ್ನ ತಡೆದರೆ ಅಪರಾಧ ಅಂತ ಅದರಾಗ ಬಿಡಿಸಿ ಬರೆದಾರ. ಸೈಕಲ್ ಅನ್ನೋ ಶಬ್ದಾನ ಕಾನೂನಿನಾಗ ಹಾಕಬೇಕಾಯ್ತು, 2016ರ ಹೊತ್ತಿಗೆ!

2006-07ರಲ್ಲಿ ಎಂಟನೇತ್ತೆ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿತು. ಆಮೇಲೆ ಅಣ್ಣನ ಮಗಳಿಗೂ ಒಂದು ಬಂತು. ನಾನೂ ಹೊಡೆದು ನೋಡಿದೆ. ನಡುವೆ ಬಾರಿಲ್ಲ, ಸೀಟು ತಗ್ಗು, ಹತ್ತೋದೂ ಸಲೀಸು, ಇಳಿಯೋದೂ ಸಲೀಸು. ಆಕೆ ಗೆಳತಿಯರ ಜೊತೆ ಗಂಟೆ ಬಾರಿಸ್ತಾ ಅದೇ ಚಾವಡಿ ಮುಂದೆ ಹೋಗ್ತಿದ್ದಳು.

ಅಪ್ಪನ್ನ ಈಗ ಬೈಕ್ ಹಿಂದೆ ಕೂರಿಸಿಕೊಂಡು ಆ ದಾರಿಗೆ ಹೋದರೆ, ಬೇವಿನ ಗಿಡದ ಹತ್ತಿರ ನನ್ನ ಹೆಗಲ ಮೇಲಿನ ಅವನ ಕೈ ಬಿಗಿಯಾಗತೈತಿ.

ನಿಮ್ಮ ಮನೆಯ ಹಿರಿಯರನ್ನ ಕೇಳಿ ಬರೀರಿ: ಯಾವ ಸೈಕಲ್ಲು, ಯಾವ ವರ್ಷ, ಎಲ್ಲಿ ಇಳೀಬೇಕಿತ್ತು.