ಕೂಡೋದು ಬಾರದ ಕಂಪ್ಯೂಟರು

1963ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಗೆ ಒಂದು ಕಂಪ್ಯೂಟರ್ ಬಂತು. ಹೆಸರು ಐಬಿಎಂ 1620. ಮಜಾ ಏನಂದ್ರೆ, ಇದಕ್ಕೆ ಕೂಡೋಕೆ ಅಂತ ಬೇರೆ ಸರ್ಕ್ಯೂಟೇ ಇರಲಿಲ್ಲ. ನಾವು ಮಗ್ಗಿ ಪುಸ್ತಕ ನೋಡ್ತಿದ್ದ ಹಾಗೆ, ಮೆಮೊರಿಯಲ್ಲಿಟ್ಟ ಕೋಷ್ಟಕ ನೋಡಿಕೊಂಡು ಒಂದೊಂದೇ ಅಂಕಿ ಕೂಡುತ್ತಿತ್ತು. ಈ ಮಾದರಿಯ ಮೆಮೊರಿ ಶುರುವಾಗುತ್ತಿದ್ದುದೇ 20,000 ಅಂಕಿಗಳಿಂದ. ಈಗಿನ ಒಂದು ಗುಡ್ ಮಾರ್ನಿಂಗ್ ಚಿತ್ರ ಕೂಡ ಅದರಲ್ಲಿ ಹಿಡಿಸಲ್ಲ.

ಆಗ ಆ ಐಐಟಿಗೆ ನಾಲ್ಕು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಹುಟ್ಟಿದ್ದು ಕಾನ್ಪುರದ ಇನ್ನೊಂದು ತಾಂತ್ರಿಕ ಸಂಸ್ಥೆಯ ಕ್ಯಾಂಟೀನ್ ಕಟ್ಟಡದಲ್ಲಿ. ಡಾಲರಿಗೆ 4.76 ರೂಪಾಯಿ ಇದ್ದ ಕಾಲ. ರೇಟೇನೋ ಕಡಿಮೆ ಅನ್ನಿಸುತ್ತೆ, ಆದರೆ ಡಾಲರೇ ಸಿಗುತ್ತಿರಲಿಲ್ಲ. ಹಾಗಾಗಿ ಯಂತ್ರ ಬಂದದ್ದು ಅಮೆರಿಕದ ನೆರವಿನಿಂದ. ಅಲ್ಲಿನ ಒಂಬತ್ತು ವಿಶ್ವವಿದ್ಯಾಲಯಗಳು ಸೇರಿ 1962ರಿಂದ 72ರವರೆಗೆ ಈ ಐಐಟಿಯನ್ನು ಕಟ್ಟಲು ಕೈ ಜೋಡಿಸಿದ್ದವು. ಶೀತಲ ಸಮರದ ದಿನಗಳು, ಬರೀ ಧರ್ಮಕ್ಕೆ ಕೊಟ್ಟರು ಅಂತ ನಾನೇನೂ ನಂಬಲ್ಲ.

ನನಗೆ ಮುಖ್ಯ ಅನ್ನಿಸೋದು ಆಮೇಲಿನ ಕತೆ. ಅಷ್ಟು ದುಬಾರಿ ವಸ್ತುವನ್ನು ಗಾಜಿನ ಕೋಣೆಯಲ್ಲಿಟ್ಟು ಮಂತ್ರಿಗಳು ಬಂದಾಗ ತೋರಿಸಬಹುದಿತ್ತು. ಅವರು ಹುಡುಗರ ಕೈಗೆ ಕೊಟ್ಟರು. ಕಾರ್ಡಿನಲ್ಲಿ ತೂತು ಹೊಡೆದು, ಫೋರ್ಟ್ರಾನ್ ಬರೆದು, ತಪ್ಪು ಬಂದರೆ ಮತ್ತೆ ಕಾರ್ಡು ಹೊಡೆಯೋದು. ವಿ. ರಾಜಾರಾಮನ್ ಅವರಂಥ ಮೇಷ್ಟ್ರು ಹೊರಗಿನ ವಿಜ್ಞಾನಿಗಳು, ಎಂಜಿನಿಯರುಗಳಿಗೂ ಸಣ್ಣ ಕೋರ್ಸುಗಳನ್ನು ನಡೆಸಿದರು. ಕ್ಲಾಸಿಗೆ ಬೇಕಾದ ಪುಸ್ತಕ ಇಲ್ಲ ಅಂದಾಗ ತಾವೇ ಬರೆದರು. ಯಂತ್ರ ಬರೋ ಮುಂಚೆಯೇ ಅದು ಯಾಕೆ ಬೇಕು ಅನ್ನೋದು ಗೊತ್ತಿತ್ತು ಅವರಿಗೆ.

ನಾನು ಬಿಇ ಓದಿದ ಕಾಲೇಜಿನಲ್ಲಿ ಲ್ಯಾಬಿಗೆ ಬೀಗ. ಚಪ್ಪಲಿ ಹೊರಗೆ ಬಿಟ್ಟು ವಾರಕ್ಕೆರಡು ಸಲ ಒಳಗೆ ಹೋಗ್ತಿದ್ವಿ, ರೆಕಾರ್ಡ್ ಬುಕ್ಕಿನಲ್ಲಿದ್ದ ಪ್ರೋಗ್ರಾಮನ್ನೇ ಟೈಪ್ ಮಾಡಿ ಸಹಿ ಹಾಕಿಸಿಕೊಂಡು ಬರ್ತಿದ್ವಿ. ಕಂಪ್ಯೂಟರ್ ಫೀಸು ಮಾತ್ರ ಬೇರೆ ಕಟ್ಟಬೇಕಿತ್ತು. ಅಪ್ಪ ಅದಕ್ಕೆ ಅಡಿಕೆ ಮಾರಿದ್ದರು. ಲೈಬ್ರರಿಯಲ್ಲಿದ್ದ ರಾಜಾರಾಮನ್ ಪುಸ್ತಕದ ಬೈಂಡಿಂಗ್ ಕಿತ್ತುಹೋಗಿತ್ತು, ಲ್ಯಾಬಿನ ಮೌಸುಗಳು ಮಾತ್ರ ಹೊಸದರ ಹಾಗೇ ಇದ್ದವು. ಈಗಿನ ಬ್ರೋಷರುಗಳಲ್ಲಿ ಎಐ ಲ್ಯಾಬಿನ ಫೋಟೋ ಇರುತ್ತೆ. ಆ ಫೋಟೋದಲ್ಲಿ ಹುಡುಗರು ಏನು ಮಾಡ್ತಿದ್ದಾರೆ ಅಂತ ಒಮ್ಮೆ ಹತ್ತಿರದಿಂದ ನೋಡಿ.

ಹಾಗಂತ ಕಾನ್ಪುರವನ್ನು ದೇವಸ್ಥಾನ ಮಾಡೋದೂ ಬೇಡ. ಯುದ್ಧಾನಂತರದ ಕೈಗಾರಿಕೆಗೆ ಎಂಜಿನಿಯರುಗಳು ಬೇಕು ಅಂತ ಸರ್ಕಾರ್ ಸಮಿತಿ 1946ರಲ್ಲೇ ಇಂಥ ಸಂಸ್ಥೆಗಳನ್ನು ಕೇಳಿತ್ತು. ಅಲ್ಲಿ ಕಲಿತ ಎಷ್ಟೋ ಜನ ಅಮೆರಿಕದ ವಿಮಾನ ಹತ್ತಿದರು. ಮೈಸೂರಿನಲ್ಲಿ ಬಿಇ ಮುಗಿಸಿ ಅಲ್ಲಿಗೆ ಎಂಟೆಕ್‌ಗೆ ಹೋದ ನಾರಾಯಣ ಮೂರ್ತಿಯವರಂಥವರು ಇಲ್ಲೇ ಕಂಪನಿ ಕಟ್ಟಿದರು, ಅದೂ ಹೆಚ್ಚಾಗಿ ಹೊರದೇಶದ ಕೆಲಸಕ್ಕೇ. ನನ್ನ ಸಂಬಳವೂ ಅದೇ ದಾರಿಯಲ್ಲಿ ಬರೋದು. 1966ರಲ್ಲಿ ಕಾನ್ಪುರಕ್ಕೆ ಇನ್ನೂ ದೊಡ್ಡ ಐಬಿಎಂ 7044 ಬಂತು. ಅದೇ ವರ್ಷ ಜೂನ್‌ನಲ್ಲಿ ರೂಪಾಯಿ ಬಿದ್ದು, ಡಾಲರು ಏಳೂವರೆ ರೂಪಾಯಿ ಆಗಿತ್ತು.